ಪಂಖಾ ಇಲ್ಲದ ಲ್ಯಾಪ್‌ಟಾಪ್

ಅಂಗಡಿಯ ಏಸಿಯನ್ನು ಕಾಕಾ ತಾವೇ ಎದ್ದು ಹೋಗಿ ಆರಿಸಿದರೋ, ಆರಿಸಿ ಎಂದು ಅಂಗಡಿಯವನಿಗೆ ಹೇಳಿದರೋ, ನನಗೀಗ ಖಾತ್ರಿಯಿಲ್ಲ. ಕಣ್ಣು ಮುಚ್ಚಿದರೆ ಅವರೇ ರಿಮೋಟ್ ಹಿಡಿದು ನಿಂತಂತೆ ಕಾಣುತ್ತದೆ. ಆದರೆ ಹಾಗೆ ಕಾಣುವುದರಲ್ಲಿ ಎಷ್ಟೋ ಸಂಗತಿಗಳನ್ನು ನಾನೇ ಆಮೇಲೆ ತಂದಿಟ್ಟಿರುತ್ತೇನೆ ಎಂಬುದು ಇಷ್ಟು ವರ್ಷ ಡೈರಿ ಬರೆದ ಮೇಲೆ ಗೊತ್ತಾಗಿದೆ. ಆ ದಿನದ ಪುಟದಲ್ಲಿ ಎರಡೇ ಸಾಲು: 'ಲ್ಯಾಪ್‌ಟಾಪ್ ಬಂತು. ಕಾಕಾ ಬಹಳ ಖುಷಿ.' ಏಸಿಯ ಮಾತಿಲ್ಲ. ಆ ಲ್ಯಾಪ್‌ಟಾಪಿನಿಂದ ಬರುತ್ತಿದ್ದ ಸಣ್ಣ ಸದ್ದಿನ ಮಾತೂ ಇಲ್ಲ. ಅದನ್ನು ನಾನು ಅಂಗಡಿಯಲ್ಲೇ ಕೇಳಿದ್ದೆನೋ, ಮುಂದೆ ಕೇಳಿದ್ದನ್ನು ಹಿಂದಕ್ಕೆ ಒಯ್ದು ಆ ದಿನಕ್ಕೆ ಅಂಟಿಸಿದ್ದೇನೋ, ಅದೂ ಖಾತ್ರಿಯಿಲ್ಲ. ಹಾಗಾಗಿ ಇದನ್ನು ಓದುವವರು ನನ್ನ ಮಾತನ್ನು ಒಂದಿಷ್ಟು ಸೋಸಿಕೊಂಡೇ ನಂಬಬೇಕು.

ಕಾಕಾ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ದೇವದುರ್ಗದ ಬಸ್ಸಿನಲ್ಲಿ, ಗಬ್ಬೂರು ದಾಟಿದ ಮೇಲೆ, ಪರಿಚಯದ ಹಾರ್ಮೋನಿಯಂ ಮಾಸ್ತರೊಬ್ಬರ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ. ಹಿಂದಿನ ದಿನವೇ ಮಣ್ಣು ಮಾಡುವುದೂ ಮುಗಿದಿತ್ತು. ಫೋಟೋದಲ್ಲಿ ಅವರು ಕನ್ನಡಕ ಹಾಕಿಕೊಂಡು ನೇರವಾಗಿ ನೋಡುತ್ತಿದ್ದರು. ನನಗೆ ಅವರ ಗುರುತು ಹತ್ತಲು ಒಂದು ಕ್ಷಣ ಬೇಕಾಯಿತು. ನನಗೆ ಗೊತ್ತಿದ್ದ ಕಾಕಾ ಏನನ್ನಾದರೂ ಕೇಳಿಸಿಕೊಳ್ಳುವಾಗ ಮೊದಲು ಕನ್ನಡಕ ತೆಗೆದು, ಮಡಿಚಿ, ಅಂಗಿಯ ಜೇಬಿಗೆ ಇಟ್ಟು, ಎಡಗಿವಿಯನ್ನು ಮುಂದೆ ಮಾಡಿ ನೆಲ ನೋಡುತ್ತ ಕೂಡುವವರು. ಕನ್ನಡಕ ಯಾಕೆ ತೆಗೆಯುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, "ಎರಡೂ ಒಮ್ಮಿಗೇ ಚಾಲೂ ಇಟ್ರ ಒಂದೂ ಬರಾಬರ್ ಕೆಲಸ ಮಾಡಂಗಿಲ್ಲ ಯವ್ವಾ" ಎಂದಿದ್ದರು.

ಅವರು ನನ್ನ ಸ್ವಂತ ಕಾಕಾ ಅಲ್ಲ. ರಾಯಚೂರಿನ ತೀನ್ ಕಂದೀಲಿನ ಹಿಂದಿನ ಸಂದಿಯೊಂದರಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ, ರೆಕಾರ್ಡಿಂಗ್ ಸ್ಟುಡಿಯೋ ಇಟ್ಟುಕೊಂಡಿದ್ದವರು. ಕ್ಯಾಸೆಟ್ ಕಾಲದಿಂದ ಸುತ್ತಲಿನ ಊರುಗಳ ಭಜನಾ ಮಂಡಳಿಗಳು, ಪುರಾಣ ಹೇಳುವವರು, ಚುನಾವಣೆಯಲ್ಲಿ ನಿಂತವರು, ಎಲ್ಲರೂ ಆ ಕಬ್ಬಿಣದ ಮೆಟ್ಟಿಲು ಹತ್ತಿ ಬಂದು ತಮ್ಮ ದನಿ ಕೊಟ್ಟು ಹೋದವರೇ. ಅವರೆಲ್ಲರ ಬಾಯಲ್ಲೂ 'ಕಾಕಾ' ಎಂಬುದೇ ಹೆಸರು. ಸ್ಟುಡಿಯೋದ ಗೋಡೆಗಳಿಗೆ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದರು, ಒಂದರ ಮೇಲೊಂದು ಮೂರು ಪದರ. ಹಳೆಯ ಸೀರೆಗಳ ಇಳಕಲ್ ಅಂಚು, ಯಾರದೋ ಕುಪ್ಪಸದ ಖಣ, ಯಾವುದೋ ಮಗುವಿನ ಅಂಗಿಯ ಹೂವು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಕಿವಿಗೆ ಅರಳೆ ಇಟ್ಟ ಹಾಗಾಗುತ್ತಿತ್ತು. ನನ್ನ ಉಸಿರೇ ನನಗೆ ಕೇಳುತ್ತಿತ್ತು. "ಇಷ್ಟು ಹೆಣ್ಮಕ್ಕಳ ಕೈಯಾಗಿನ ಸೂಜಿ ಸೇರಿ ಈ ರೂಮು ಸುಮ್ಮನಾಗೇದ" ಅನ್ನುತ್ತಿದ್ದರು.

ನಾನು ಆ ಮೆಟ್ಟಿಲು ಹತ್ತಿದ್ದು ಅತ್ತಿಯ ಸಲುವಾಗಿ. ಅತ್ತಿ ಅಂದರೆ ನನ್ನ ಅಪ್ಪನ ತಂಗಿ. ದೇವದುರ್ಗದ ನಮ್ಮ ಮನೆಯಿಂದ ಮಾನ್ವಿಗೆ ಕೊಟ್ಟ ಹೆಣ್ಣು. ನಮ್ಮ ಅಜ್ಜಿ ಹಾಡುತ್ತಿದ್ದ ಬೀಸುವ ಕಲ್ಲಿನ ಹಾಡುಗಳೆಲ್ಲ ಅವಳೊಬ್ಬಳ ಗಂಟಲಲ್ಲಿ ಉಳಿದಿದ್ದವು. ಆ ವರ್ಷ ಬೇಸಿಗೆಯಲ್ಲಿ ಅತ್ತಿಗೆ ಕುತ್ತಿಗೆಯಲ್ಲಿ ಗಂಟು ಬಂತು. ಥೈರಾಯ್ಡ್ ಆಪರೇಷನ್ ಆಗಬೇಕು, ಆದಮೇಲೆ ದನಿ ಬದಲಾಗುವ ಸಂಭವವೂ ಉಂಟು ಎಂದು ಡಾಕ್ಟರರು ಮೊದಲೇ ತಿಳಿಸಿದ್ದರು. ಅತ್ತಿ ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಆಪರೇಷನ್ ಆದ ಮ್ಯಾಲ ನಾ ಮಾತಾಡತೀನೋ, ಕಾಗಿ ಹಂಗ ಕೂಗತೀನೋ, ಯಾರಿಗೆ ಗೊತ್ತದ. ಹಿಡಕೊಳ್ಳೂದಿದ್ರ ಈಗ ಹಿಡಕೊ. ಅಳಕೋತ ಕುಂದರಬ್ಯಾಡ ಮತ್ತ."

ನಾನು ರಾಯಚೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಇಡೀ ದಿನ ತರಗತಿಯಲ್ಲಿ ಮಾತಾಡಿ ರೂಮಿಗೆ ಬಂದರೆ ಮಾತಾಡಲು ಯಾರೂ ಇರುತ್ತಿರಲಿಲ್ಲ. ಆ ಮೌನವನ್ನು ಹೇಗೆ ಕಳೆಯುವುದೋ ಗೊತ್ತಾಗದೆ ಓದುವವಳು ನಾನು. ಹಾಗೆ ಹದಿನೈದು ದಿನ ಲ್ಯಾಪ್‌ಟಾಪುಗಳ ಬಗ್ಗೆ ಓದಿದೆ, ಯೂಟ್ಯೂಬಿನಲ್ಲಿ ನೋಡಿದೆ. ಹಾಡು ರೆಕಾರ್ಡ್ ಮಾಡಿ ಅದನ್ನು ತಿದ್ದಿ ತೀಡಲು ಯಾವುದು ಒಳ್ಳೆಯದು ಎಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಎಷ್ಟು ಯುಎಸ್‌ಬಿ ತೂತು, ಪರದೆಯ ಅಳತೆ. ಆ ಪಟ್ಟಿ ಹಿಡಿದುಕೊಂಡೇ ಕಾಕಾನ ಹತ್ತಿರ ಹೋಗಿದ್ದೆ.

ಅವರು ಪಟ್ಟಿಯನ್ನು ಪೂರಾ ಓದಿದರು. ಮರ್ಯಾದೆಗಾಗಿ ಓದಿದಂತಿರಲಿಲ್ಲ.

"ನಿಮ್ಮ ಅತ್ತಿ ಜೋಡಿ ಎಷ್ಟು ಮಂದಿ ಹಾಡತಾರ?"

"ಒಬ್ಬಾಕೀನ ಹಾಡತಾಳ್ರಿ."

"ಒಂದು ಗಂಟಲಿಗೆ ಇಷ್ಟು ಜಿಬಿ ಯಾಕ ಬೇಕ್ರಿ?"

ನಾನು ಪೆಚ್ಚಾದೆ. ಅವರು ನಕ್ಕು, ಹದಿನಾರು ಇರಲಿ, ಮುಂದೆ ತಿದ್ದುವಾಗ ಬೇಕಾಗುತ್ತದೆ ಎಂದರು. ಡಿಸ್ಕಿನ ಸಾಲಿಗೆ ಬಂದಾಗ ಪೆನ್ನು ತೆಗೆದುಕೊಂಡು ಎರಡು ಹೆಸರು ಹೊಡೆದು ಹಾಕಿದರು. "ತಿರುಗೋ ಡಿಸ್ಕ್ ಬ್ಯಾಡ. ತಿರುಗೋದು ಯಾವುದೂ ಬ್ಯಾಡ."

ಅತ್ತಿ ರಾಯಚೂರಿಗೆ ಬರಲು ಒಪ್ಪಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಸ್ಟುಡಿಯೋದಲ್ಲಿ ಕಂಪ್ಯೂಟರ್ ಬೇರೆ ಕೋಣೆಯಲ್ಲಿರುತ್ತದೆ, ಮೈಕು ಬೇರೆ ಕೋಣೆಯಲ್ಲಿ. ಆದರೆ ಅತ್ತಿಗೆ ಕಲ್ಲಿನ ಗೂಟ ಕೈಯಲ್ಲಿಲ್ಲದಿದ್ದರೆ ಹಾಡು ನೆನಪಾಗುವುದಿಲ್ಲ. "ಕೈ ತಿರುಗಿದ್ರ ಬಾಯಿ ತಿರುಗತದ" ಅನ್ನುವಳು. ಕಲ್ಲು ಮಾನ್ವಿಯ ಅಡುಗೆಮನೆಯಲ್ಲಿ ಹೂತಿದ್ದ ಕಲ್ಲು, ಹೊತ್ತು ತರುವುದಲ್ಲ. ಹಾಗಾಗಿ ಲ್ಯಾಪ್‌ಟಾಪನ್ನೇ ಅಲ್ಲಿಗೆ ಒಯ್ಯಬೇಕು, ಅದೇ ಅಡುಗೆಮನೆಯಲ್ಲಿ ಮೈಕಿನ ಪಕ್ಕ ಇಡಬೇಕು. ಕಾಕಾ ಇದನ್ನು ನನಗೆ ಒಂದೇ ಮಾತಿನಲ್ಲಿ ತಿಳಿಸಿದರು: "ಮೈಕಿಗೆ ನಿಮ್ಮ ಅತ್ತಿನೂ ಒಂದ, ಪಂಖಾನೂ ಒಂದ. ಎರಡನ್ನೂ ಅಷ್ಟ ಪ್ರೀತಿಲೆ ತಗೊಂತದ."

ಪಂಖಾ ಅಂದರೆ ಲ್ಯಾಪ್‌ಟಾಪಿನ ಒಳಗಿನ ಫ್ಯಾನು. ಬಹಳ ಸದ್ದಿಲ್ಲದ್ದು ಎಂದು ಹೊಗಳಿಸಿಕೊಂಡ ಒಂದು ಮಾಡೆಲಿನ ವೀಡಿಯೋವನ್ನು ನಾನು ತೋರಿಸಿದೆ. ಕಾಕಾ ಫೋನನ್ನು ಹತ್ತಿರ ಹಿಡಿದು ನೋಡಿದರು.

"ಇಂವ ಸ್ವೆಟರ್ ಹಾಕ್ಕೊಂಡಾನ ನೋಡ್ರಿ."

ಹೌದು, ಹಾಕಿಕೊಂಡಿದ್ದ.

"ಸ್ವೆಟರ್ ಹಾಕ್ಕೊಂಡವ ಹೇಳಿದ್ದು ರಾಯಚೂರಿಗೆ ನಡಿಯಂಗಿಲ್ಲ. ಅಲ್ಲಿ ಸುಮ್ಮನಿದ್ದ ಪಂಖಾ ಇಲ್ಲಿ ಬಾಯಿ ಬಡಕೊಂತದ."

ಅದಕ್ಕೇ ಅಂಗಡಿಯಲ್ಲಿ ಆ ದೃಶ್ಯ ನಡೆದದ್ದು. ಕಾಕಾ ಒಂದು ಪೆನ್‌ಡ್ರೈವ್ ತಂದಿದ್ದರು. ಅದರಲ್ಲಿ ಒಂದೇ ತಬಲಾವನ್ನು ನಲವತ್ತು ಸಾಲು ಮಾಡಿ ಜೋಡಿಸಿದ ಒಂದು ಕಡತ. ಅದನ್ನು ನುಡಿಸಲು ಹೇಳಿದರೆ ಎಂಥ ಯಂತ್ರವೂ ಬೆವರುತ್ತದಂತೆ. ಐದು ಲ್ಯಾಪ್‌ಟಾಪುಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಇಡಿಸಿ, ಎಲ್ಲದರಲ್ಲೂ ಅದನ್ನು ಹಚ್ಚಿ, ದನಿ ಮಾತ್ರ ಆರಿಸಿ, ಏಸಿ ಬಂದ್ ಆದ ಮೇಲೆ ಗಾಜಿನ ಬಾಗಿಲು ತೆರೆಸಿದರು. ಹೊರಗೆ ಮಧ್ಯಾಹ್ನದ ಬಿಸಿಲು. ಒಂದು ತಾಸು ನಾವೆಲ್ಲ ಬೆವರುತ್ತ ಕುಳಿತೆವು. ಗಿರಾಕಿಗಳು ಒಳಗೆ ಇಣುಕಿ, ಕರೆಂಟ್ ಹೋಗಿದೆ ಎಂದುಕೊಂಡು ತಿರುಗಿ ಹೋದರು. ಆಮೇಲೆ ಕಾಕಾ ಎದ್ದು, ಕನ್ನಡಕ ಜೇಬಿಗಿಟ್ಟು, ಒಂದೊಂದು ಲ್ಯಾಪ್‌ಟಾಪಿನ ಕೀಲಿಗಳ ಮೇಲೆ ಎಡಗಿವಿ ಇಟ್ಟು ಕೇಳುತ್ತ ಬಂದರು. ಜ್ವರ ಬಂದ ಮಗುವಿನ ಎದೆಗೆ ಕಿವಿ ಇಡುತ್ತಾರಲ್ಲ, ಹಾಗೆ.

ಅಂಗಡಿಯವನಿಗೆ ತಡೆಯಲಾಗಲಿಲ್ಲ. "ಕಾಕಾ, ನೀವು ಲ್ಯಾಪ್‌ಟಾಪ್ ತಗೊಳ್ಳಾಕ ಬಂದೀರೋ, ಹೆರಿಗಿ ಮಾಡಸಾಕ ಬಂದೀರೋ?"

"ಕೂಸು ಅಳಬಾರದು ನೋಡಪಾ. ಅಳದಿರೋ ಕೂಸು ಬೇಕಾಗೇದ ನನಗ."

ಐದನೆಯದಕ್ಕೆ ಫ್ಯಾನೇ ಇರಲಿಲ್ಲ. ಮೈಯೆಲ್ಲ ಲೋಹ. ಶಾಖವೆಲ್ಲ ಆ ಮೈಯಿಂದಲೇ ಹೊರಗೆ ಹೋಗುವ ಹಾಗೆ ಮಾಡಿದ್ದು. ಕಾಕಾ ಅದರ ಮೇಲೆ ಬಹಳ ಹೊತ್ತು ಬಾಗಿದ್ದರು. ತಲೆಯೆತ್ತಿದಾಗ ಕಿವಿ ಕೆಂಪಾಗಿತ್ತು. "ಏನೂ ಇಲ್ಲ ಯವ್ವಾ! ಪೂರಾ ಖಾಲಿ! ಕೇಳ್ರಿ."

ನಾನೂ ಬಗ್ಗಿ ಕೇಳಿದೆ. ದೂರದಲ್ಲಿ ಒಂದು ಸೊಳ್ಳೆ ಇದ್ದಂತೆ, ಬಹಳ ತೆಳ್ಳಗೆ, ಒಂದು ಸದ್ದಿತ್ತು. ಇತ್ತು ಎಂದೇ ಈಗ ಅನ್ನಿಸುತ್ತದೆ. ಟ್ಯೂಬ್‌ಲೈಟಿನದಿರಬೇಕು ಅಂದುಕೊಂಡೆನೋ ಏನೋ. ಅವರ ಮುಖ ಅಷ್ಟು ಅರಳಿತ್ತು. "ಹೌದ್ರಿ ಕಾಕಾ" ಎಂದೆ.

ಅವರ ಕಿವಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ದೇವದುರ್ಗದಲ್ಲಿ ಹುಡುಗನಾಗಿದ್ದಾಗ ಅವರು ಮೈಕ್‌ಸೆಟ್ಟಿನವರ ಜೊತೆ ಮದುವೆಗಳಿಗೆ ಹೋಗುತ್ತಿದ್ದರಂತೆ. ಬಾವಿಯಷ್ಟು ಅಗಲದ ಬಾಯಿಯ ಹಾರ್ನುಗಳನ್ನು ಚಪ್ಪರದ ಗಳಕ್ಕೆ ಕಟ್ಟಿ, ಯಾರೂ ವಯರು ಎಳೆಯದಂತೆ ಅದರ ಬುಡದಲ್ಲೇ ಕಾವಲು ಕೂಡುವ ಕೆಲಸ. "ಅದರ ಮಗ್ಗಲಾಗ ಕುಂತು ಉಂಡೀನಿ, ಕುಂತು ಮಲಗೀನಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಸ್ಟುಡಿಯೋದಲ್ಲಿ ಕುಳಿತು ಸಂದಿಯಾಚೆಯ ದೊಡ್ಡ ರಸ್ತೆಯಲ್ಲಿ ಹೋಗುವ ಬಸ್ಸಿನ ಗಡಗಡದಿಂದಲೇ ಅದು ಹೊಸದೋ ಹಳೆಯದೋ ಹೇಳುತ್ತಿದ್ದರು, ಅದು ತಪ್ಪುತ್ತಿರಲಿಲ್ಲ. ಆ ಹಾರ್ನುಗಳು ಅವರ ಕಿವಿಯಿಂದ ಏನು ತೆಗೆದುಕೊಂಡಿದ್ದವು ಎಂದು ನಾನು ಆಗ ಯೋಚಿಸಲಿಲ್ಲ. ಅವರೂ ಯೋಚಿಸಿರಲಿಲ್ಲ ಎಂದೇ ನಂಬಿದ್ದೇನೆ.

ಮಾನ್ವಿಗೆ ನಾವು ಬೆಳಗಿನ ಬಸ್ಸಿನಲ್ಲಿ ಹೋದೆವು. ಮೈಕಿನ ಕಂಬವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಕಂಡಕ್ಟರು, "ಏನ್ರಿ ಯಜಮಾನ್ರ, ಬಂದೂಕೇನು?" ಎಂದ. ಕಾಕಾ ಗಂಭೀರವಾಗಿ, "ಹೌದಪಾ, ಗುಂಡು ಮಾತ್ರ ಇಲ್ಲ" ಎಂದರು. ಕಲ್ಲೂರು ಬರುವವರೆಗೆ ಹಿಂದಿನ ಸೀಟಿನವರು ನಮ್ಮನ್ನೇ ನೋಡುತ್ತಿದ್ದರು.

ಅತ್ತಿಯ ಮನೆಯ ಹೊಸ್ತಿಲು ದಾಟಿ ಒಳಗೆ ಬಂದವರೇ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿದರು. ಯಾರ ಮನೆಗೆ ಹೋದರೂ ಅವರದು ಇದೇ ರೂಢಿ. ತಟ್ಟಿದ ಸದ್ದು ಹೇಗೆ ತಿರುಗಿ ಬರುತ್ತದೆ ಎಂದು ಕೇಳಿ ಮೈಕು ಎಲ್ಲಿಡಬೇಕೆಂದು ತೀರ್ಮಾನಿಸುತ್ತಿದ್ದರು.

ಅತ್ತಿ ನನ್ನ ಕಡೆ ನೋಡಿ, "ಹಲ್ಲಿ ಓಡಸಾಕತ್ತಾರೇನು?" ಎಂದಳು.

"ಇಲ್ಲ ತಂಗಿ, ನಿಮ್ಮ ಮನಿ ಮಾತಾಡಸಾಕತ್ತೀನಿ" ಎಂದರು ಕಾಕಾ. "ಮೊದಲ ಮನಿ ಏನಂತದ ಕೇಳಬೇಕು. ಆಮ್ಯಾಲ ಮನಿಶಾರು."

ಅವರು ಮನೆಯ ಸದ್ದುಗಳನ್ನು ಒಂದೊಂದಾಗಿ ಆರಿಸುತ್ತ ಬಂದರು. ಗೋಡೆ ಗಡಿಯಾರವನ್ನು ಹೊರಗೆ ಕಟ್ಟೆಯ ಮೇಲೆ ಮಲಗಿಸಿದರು. ಕೊಡದ ಮೇಲೆ ಬಡಿಯುತ್ತಿದ್ದ ನಲ್ಲಿಯ ಹನಿಗೆ ಅರಿವೆ ಕಟ್ಟಿದರು. ಫ್ರಿಜ್ ಬಂದ್ ಮಾಡಿ, ತಮ್ಮ ಸ್ಟುಡಿಯೋದ ಕೀಲಿಯನ್ನು ಅದರೊಳಗೆ ಮೊಸರಿನ ಗಡಿಗೆಯ ಪಕ್ಕ ಇಟ್ಟು ಬಾಗಿಲು ಹಾಕಿದರು. ಅತ್ತಿ ಬಾಯಿ ತೆರೆದು ನಿಂತಳು. "ಹೋಗುವಾಗ ಕೀಲಿ ಬೇಕಲ್ಲ ನನಗ. ಕೀಲಿ ತಗೊಳ್ಳುವಾಗ ಫ್ರಿಜ್ ಚಾಲೂ ಮಾಡೂದು ನೆನಪಾಗತದ. ಇಲ್ಲಂದ್ರ ನಿಮ್ಮ ಮೊಸರು ಹುಳಿಯಾಗಿ ನನಗ ಬೈತೀರಿ." ಎಲ್ಲ ಆರಿದ ಮೇಲೂ ಒಂದು ಉಳಿದಿತ್ತು: ಎರಡು ಓಣಿಯಾಚೆಯ ಅಕ್ಕಿ ಗಿರಣಿಯ ಗುಡುಗುಡು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ತಾಸು ಗಿರಣಿ ನಿಲ್ಲಿಸುತ್ತಾರೆ ಎಂದು ಅತ್ತಿ ಹೇಳಿದಳು. ನಾವು ಆ ತಾಸಿಗಾಗಿ ಕಾದೆವು.

ಗಿರಣಿ ನಿಂತಿತು. ಕಾಕಾ ಲ್ಯಾಪ್‌ಟಾಪ್ ತೆರೆದರು. ಅವರಿಗೊಂದು ಹೆಡ್‌ಫೋನು, ನನಗೊಂದು. ಅತ್ತಿ ಕಲ್ಲಿನ ಮುಂದೆ ಕಾಲು ಚಾಚಿ ಕುಳಿತು ಹಿಡಿ ಜೋಳ ಹಾಕಿದಳು. ಮೊದಲ ಒಂದು ನಿಮಿಷ ಯಾರೂ ಉಸಿರೆತ್ತದಂತೆ ಹೇಳಿ, ಕಾಕಾ ಖಾಲಿ ಮನೆಯ ಸದ್ದನ್ನೇ ರೆಕಾರ್ಡ್ ಮಾಡಿದರು. ಆಗಲೇ ನನಗೆ ಕೇಳಿಸಿತು. ಹೆಡ್‌ಫೋನಿನಲ್ಲಿ, ಕಿವಿಯ ಒಳತುದಿಯಲ್ಲಿ, ಸೂಜಿಯಷ್ಟು ಸಣ್ಣ, ನಿಲ್ಲದ ಒಂದು 'ಕ್ಞೀ'. ಟ್ಯೂಬ್‌ಲೈಟ್ ಆರಿತ್ತು. ಹೊರಗೆ ಕೀಟವೂ ಇರಲಿಲ್ಲ. ಲ್ಯಾಪ್‌ಟಾಪೇ. ಫ್ಯಾನಿಲ್ಲದಿದ್ದರೂ ಅದರೊಳಗೆ ಯಾವುದೋ ಭಾಗ ನಡುಗುತ್ತಿತ್ತು. ಕಾಕಾನ ಕಡೆ ನೋಡಿದೆ. ಕನ್ನಡಕ ಜೇಬಿನಲ್ಲಿ, ಕಣ್ಣು ನೆಲದಲ್ಲಿ, ಮುಖದಲ್ಲಿ ಶಾಂತಿ. ಕೈಯೆತ್ತಿ ಅತ್ತಿಗೆ ಶುರುಮಾಡಲು ಸನ್ನೆ ಮಾಡಿದರು.

ಅತ್ತಿ ಹಾಡಿದಳು. ಮೊದಲು ಅಜ್ಜಿಯ ಹಾಡು: ಗಂಡನ ಮನೆಯಲ್ಲಿ ಕುಳಿತ ಹೆಣ್ಣೊಬ್ಬಳು ತವರಿನ ದಾರಿಯಲ್ಲಿ ಬರುವ ಊರುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವ ಹಾಡು. ಪ್ರತಿ ಊರಿಗೂ ಕಲ್ಲು ಒಂದು ಸುತ್ತು. ನಾನು ಕೈಯೆತ್ತಬೇಕಿತ್ತು. ನಿಲ್ಲಿಸಿ ಎನ್ನಬೇಕಿತ್ತು. ನಾಲ್ಕು ಹಾಡಾದ ಮೇಲೆ ಕಾಕಾ ಹೆಡ್‌ಫೋನಿನ ಒಂದು ಕಿವಿ ಸರಿಸಿ ಕೇಳಿದರು.

"ಹೆಂಗ ಬರಾಕತ್ತದ ಯವ್ವಾ?"

"ಛಲೋ ಬರಾಕತ್ತದ್ರಿ ಕಾಕಾ."

ಯಾಕೆ ಹಾಗೆಂದೆ ಎಂಬುದಕ್ಕೆ ಡೈರಿಯಲ್ಲಿ ಮೂರು ಕಾರಣ ಬರೆದಿದ್ದೇನೆ. ಅತ್ತಿಯ ಲಯ ಕೆಡುತ್ತಿತ್ತು. ಗಿರಣಿ ಮತ್ತೆ ಶುರುವಾಗುತ್ತಿತ್ತು. ನನ್ನ ಕಿವಿಯ ಭ್ರಮೆಯೂ ಇರಬಹುದಿತ್ತು. ಮೂರೂ ಸುಳ್ಳಲ್ಲ, ಮೂರೂ ಕಾರಣವೂ ಅಲ್ಲ. ಆ ಲ್ಯಾಪ್‌ಟಾಪನ್ನು ಅವರು ನನಗಾಗಿ ಕಿವಿ ಸುಟ್ಟುಕೊಂಡು ಆರಿಸಿದ್ದರು. ಊರಲ್ಲಿ ನನಗಾಗಿ ಒಂದು ತಾಸು ಬೆವರಿದವರು ಬೇರೆ ಯಾರೂ ಇರಲಿಲ್ಲ. ಅವರ ಮುಖ ಬಾಡುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಸಂಜೆ ಅವರು ಬಸ್ಸು ಹತ್ತಿ ಹೋದರು. ನಾನು ಲ್ಯಾಪ್‌ಟಾಪ್ ಸಮೇತ ಉಳಿದೆ. ರೊಟ್ಟಿ ಬಡಿಯುತ್ತಿದ್ದ ಅತ್ತಿಯ ಮುಂದೆ ಕುಳಿತು, ಅವಳ ಹಾಡು ಹಚ್ಚಿ ಹೆಡ್‌ಫೋನು ಅವಳ ಕಿವಿಗೆ ಹಿಡಿದೆ.

"ಕ್ಞೀ ಅಂತದಲ್ಲ, ಏನದು?" ಎಂದಳು ತಕ್ಷಣ.

"ಲ್ಯಾಪ್‌ಟಾಪಿನ ಸದ್ದು. ಅಲ್ಲೇ ಕುಂತಾಗ ನನಗ ಕೇಳಿಸ್ತು ಅತ್ತಿ. ಕಾಕಾಗ ಕೇಳಿಸಿಲ್ಲ ಕಾಣತದ."

"ನೀ ಹೇಳಲಿಲ್ಲೇನು?"

"ಹೆಂಗ ಹೇಳಲಿ?"

ಅತ್ತಿ ಹಿಟ್ಟಿನ ಕೈಯನ್ನು ಮಂಡಿಯ ಮೇಲೆ ಇಟ್ಟು ನನ್ನನ್ನೇ ನೋಡಿದಳು. "ಬಾಯಿಲೆ ಹೇಳಬೇಕು, ಮತ್ತ್ಯಾತರಲೆ ಹೇಳತಾರ? ನಾಳಿ ಕರಿ ಅವರನ್ನ. ಮತ್ತ ಹಾಡತೀನಿ. ಇನ್ನಾ ನಾಲ್ಕು ದಿನ ಅದ ನನ್ನ ಗಂಟಲ."

ಬೇಡ, ಇಂಥದ್ದನ್ನು ಕಂಪ್ಯೂಟರಿನಲ್ಲಿ ಆಮೇಲೆ ತೆಗೆಯಬಹುದು ಎಂದೆ. ತೆಗೆಯಬಹುದು ಎಂಬುದು ನಿಜ. ಆದರೆ ತೆಗೆಯಬೇಕಾದವರಿಗೆ ಅದು ಇದೆ ಎಂದು ಗೊತ್ತಾಗಬೇಕಲ್ಲ.

ಆಪರೇಷನ್ ಆಯಿತು. ಗಂಟು ಹೋಯಿತು. ಅತ್ತಿಯ ಜೀವಕ್ಕೆ ಭಯವಿಲ್ಲ ಎಂದರು ಡಾಕ್ಟರರು. ದನಿ ಮಾತ್ರ ಒಡೆದು, ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಗಾಳಿ ತುಂಬಿಕೊಂಡಿತು. ಹಾಡು ಪೂರ್ತಿ ಹೋಯಿತು. ಒಂದು ಸಲ ಕಲ್ಲಿನ ಮುಂದೆ ಕುಳಿತು ಎರಡು ಸುತ್ತು ತಿರುಗಿಸಿ ಎದ್ದುಬಿಟ್ಟಳು. ಆಮೇಲೆ ಆ ಕಲ್ಲಿನ ಮೇಲೆ ಉಳ್ಳಾಗಡ್ಡಿ ಬುಟ್ಟಿ ಬಂತು. ಇನ್ನು ಅಜ್ಜಿಯ ಹಾಡುಗಳಿರುವುದು ಆ ಒಂದು ತಾಸಿನ ರೆಕಾರ್ಡಿಂಗಿನಲ್ಲಿ ಮಾತ್ರ.

ಲ್ಯಾಪ್‌ಟಾಪನ್ನು ನಾನು ಸ್ಟುಡಿಯೋದಲ್ಲೇ ಬಿಟ್ಟು ಬಂದಿದ್ದೆ. ಕಾಕಾ ಆ ರೆಕಾರ್ಡಿಂಗನ್ನು ತಿಂಗಳುಗಟ್ಟಲೆ ತಿದ್ದಿದರು. ಅವರಿಗೆ ಆಗ ಬಿಡುವಿತ್ತು. ನಾನು ಹೋದಾಗಲೆಲ್ಲ ಸ್ಟುಡಿಯೋ ಖಾಲಿ. ಮಂದಿ ಈಗ ಮೊಬೈಲಿನಲ್ಲೇ ಹಾಡಿಕೊಳ್ಳುತ್ತಾರೆ ಎಂದು ಅವರೇ ಕಾರಣ ಹೇಳುತ್ತಿದ್ದರು. ಇನ್ನೊಂದು ಕಾರಣವನ್ನು ನನಗೆ ಹೇಳಿದವರು ಆ ಹಾರ್ಮೋನಿಯಂ ಮಾಸ್ತರು. ಒಗ್ಗರಣಿ ಮಿರ್ಚಿ ತಿನ್ನುತ್ತ ನಿಂತಾಗ, ತಗ್ಗಿದ ದನಿಯಲ್ಲಿ: "ಕಾಕಾನ ರೆಕಾರ್ಡಿಂಗ್ ಈಗೀಗ ಕಿವಿಗೆ ಚುಚ್ಚತದ್ರಿ ಮೇಡಂ. ತಾಳದ ಸದ್ದು ಬ್ಲೇಡಿನಂಗ ಬರತದ. ಅವರಿಗೆ ಸಾಕಾಗಂಗಿಲ್ಲ, ಮತ್ತ ಮತ್ತ ಏರಸ್ತಾರ."

"ನೀವು ಹೇಳಬೇಕಿತ್ತಲ್ರಿ?"

"ನಾನಾ? ಅವರ ಕೈಯಾಗ ಕಲ್ತಾಂವ ನಾನು. ಛಲೋ ಬಂದದ ಕಾಕಾ ಅಂದೆ, ನಮಸ್ಕಾರ ಮಾಡಿದೆ, ಬಂದೆ."

ಹೀಗೆ ಎಲ್ಲರೂ ಛಲೋ ಬಂದಿದೆ ಎಂದು ನಮಸ್ಕಾರ ಮಾಡಿ, ಮತ್ತೆ ಆ ಮೆಟ್ಟಿಲು ಹತ್ತಿರಲಿಲ್ಲ. ನಾನು ಹತ್ತುತ್ತಿದ್ದೆ. ಅದನ್ನೇ ದೊಡ್ಡದೆಂದುಕೊಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅವರೇ ಫೋನು ಮಾಡಿ ಕರೆದರು. ಹೋದಾಗ ಪರದೆಯ ಮೇಲೆ ಅತ್ತಿಯ ಹಾಡು ಚಿತ್ರವಾಗಿ ಹರಡಿಕೊಂಡಿತ್ತು. ದನಿಯ ತಗ್ಗು ಕೆಳಗೆ, ಏರು ಮೇಲೆ ಬರುವ ಹಾಗೆ ಬಣ್ಣದಲ್ಲಿ ತೋರಿಸುವ ಸಾಫ್ಟ್‌ವೇರ್. ಅತ್ತಿಯ ದನಿ ಹಳದಿ ಗುಡ್ಡಗಳಂತೆ ಏಳುತ್ತ ಬೀಳುತ್ತ ಹೋಗಿತ್ತು. ಅದರ ಮೇಲೆ, ಬಹಳ ಎತ್ತರದಲ್ಲಿ, ಈ ತುದಿಯಿಂದ ಆ ತುದಿಗೆ ಒಂದು ನೇರ ಗೆರೆ.

"ಇದನ್ನ ಇವತ್ತ ನೋಡಿದೆ" ಎಂದರು. ಕನ್ನಡಕ ಹಾಕಿಕೊಂಡೇ ಇದ್ದರು. "ಹಾಡು ಅಲ್ಲ ಇದು. ಮನಿಶಾರ ದನಿ ಹಿಂಗ ನೆಟ್ಟಗ ನಿಲ್ಲಂಗಿಲ್ಲ. ನಾ ಪೂರಾ ದನಿ ಏರಿಸಿ ಕೇಳಿದೆ. ಏನೂ ಇಲ್ಲ. ನೀವು ಜರಾ ಕೇಳ್ರಿ ಯವ್ವಾ."

ಹೆಡ್‌ಫೋನು ಹಾಕಿಕೊಂಡೆ. ಅವರು ಉಳಿದದ್ದನ್ನೆಲ್ಲ ಆರಿಸಿ ಆ ಗೆರೆಯೊಂದನ್ನೇ ನುಡಿಸಿದರು. ಸೂಜಿ ಕಿವಿಯಲ್ಲಿ ನೇರವಾಗಿ ಇಳಿಯಿತು. ಕಣ್ಣಲ್ಲಿ ನೀರು ಬಂತೇನೋ, ಅಥವಾ ಬರಬೇಕಿತ್ತು ಎಂದು ಈಗ ಅನ್ನಿಸುತ್ತಿದೆಯೋ. ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಕೇಳಸ್ತದೇನು?"

ಅವರು ಯಂತ್ರದ ಬಗ್ಗೆ ಕೇಳುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

"ಇಲ್ರಿ ಕಾಕಾ. ಏನೂ ಇಲ್ಲ."

ಅವರು ಕುರ್ಚಿಗೆ ಒರಗಿದರು. "ಹಂಗಾದ್ರ ಸಾಫ್ಟ್‌ವೇರಿನ ದೋಷ ಇದು. ಇಲ್ಲದ್ದು ತೋರಸಾಕತ್ತದ." ಪರದೆ ಆರಿಸುತ್ತ, "ಇರಲಿ ಬಿಡ್ರಿ. ಇಲ್ಲದ ಸದ್ದು ತೆಗಿಯಾಕ ಹೋಗಿ ಇರೋ ದನಿ ಯಾಕ ಕೆತ್ತಬೇಕು" ಎಂದರು. ಚಹಾ ತರಿಸಿದರು. ಅದನ್ನು ಕುಡಿದು ನಾನು ಮೆಟ್ಟಿಲು ಇಳಿದೆ. ಆ ಗೆರೆ ಹಾಗೇ ಉಳಿಯಿತು.

ಮೂರು ವಾರದ ಮೇಲೆ ಅವರಿಂದ ಫೋನಿಗೆ ಕಡತಗಳು ಬಂದವು. ಇಪ್ಪತ್ತೊಂದು ಹಾಡು. ಜೊತೆಗೆ ಒಂದು ಮಾತೂ ಇರಲಿಲ್ಲ. ರೂಮಿನ ಬಾಗಿಲು ಹಾಕಿಕೊಂಡು ಕೇಳಿದೆ. ಕಲ್ಲಿನ ಸುತ್ತು, ಜೋಳ ಒಡೆಯುವ ಸದ್ದು, ಎರಡು ಸಾಲಿನ ನಡುವೆ ಅತ್ತಿ ಉಸಿರು ತೆಗೆದುಕೊಳ್ಳುವುದು. ಮತ್ತೆ ಕೇಳಿದೆ. ಆ 'ಕ್ಞೀ' ಇರಲಿಲ್ಲ. ಎಲ್ಲೂ ಇರಲಿಲ್ಲ. ಅದು ಸಾಫ್ಟ್‌ವೇರಿನ ದೋಷವಲ್ಲ ಎಂದು ಯಾರೋ ಅವರಿಗೆ ಹೇಳಿದ್ದರು.

'ಥ್ಯಾಂಕ್ಸ್ ಕಾಕಾ' ಎಂದು ಬರೆದು ಕೈಮುಗಿದ ಚಿತ್ರ ಹಾಕಿದೆ. ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ. ಫೋನು ಮಾಡಬೇಕು, ನಾಳೆ ಹೋಗಬೇಕು ಎಂದುಕೊಳ್ಳುತ್ತ ದಿನಗಳು ಹೋದವು. ಹೋದರೆ ಏನನ್ನುವುದು? ಪರೀಕ್ಷೆ ಬಂತು, ಉತ್ತರಪತ್ರಿಕೆ ಬಂದವು. ಹಾಗೆ ಎಂಟು ತಿಂಗಳು. ಒಂದು ಸಲ ಆ ಸಂದಿಯ ತನಕ ಹೋಗಿ, ಮೆಟ್ಟಿಲ ಬುಡದಲ್ಲಿ ಅವರ ಚಪ್ಪಲಿ ನೋಡಿ ತಿರುಗಿ ಬಂದೆ. ಇದು ಮಾತ್ರ ಡೈರಿಯಲ್ಲಿ ತಾರೀಖ್ ಸಮೇತ ಇದೆ, ನೆನಪಿನ ಮೇಲೆ ಹಾಕುವಂತಿಲ್ಲ.

ಸ್ಟುಡಿಯೋದ ಆಚೆಗಿನ ಕಾಕಾ ನನಗೆ ಗೊತ್ತೇ ಇರಲಿಲ್ಲ. ಅವರ ಮನೆ ಯಾವ ಓಣಿಯಲ್ಲಿತ್ತು, ಊಟಕ್ಕೆ ಯಾರು ಕಾಯುತ್ತಿದ್ದರು, ಕಿವಿಯ ಸಂಗತಿ ತಿಳಿದ ಮೇಲಿನ ಎಂಟು ತಿಂಗಳು ಆ ಕೌದಿಗಳ ನಡುವೆ ಏನು ಮಾಡುತ್ತಿದ್ದರು, ಒಂದೂ ಗೊತ್ತಿಲ್ಲ. ಸಮಾಧಾನ ಹೇಳಲು ಯಾರ ಮನೆಗೆ ಹೋಗಬೇಕೆಂದೂ ತಿಳಿಯದೆ ಮಾನ್ವಿಗೆ ಹೋದೆ. ಅತ್ತಿಗೆ ಹೇಳಿದೆ. ಅವಳು ಹಸನು ಮಾಡುತ್ತಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟಳು.

"ಇಲ್ಲಿ ಬಂದಿದ್ರು ಅವರು" ಎಂದಳು, ಆ ಒಡೆದ ದನಿಯಲ್ಲಿ.

"ಯಾವಾಗ?"

"ಹೋದ ದಸರಾಕ್ಕಿಂತ ಮೊದಲ. ಒಬ್ಬರ ಬಂದಿದ್ರು, ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು. ಅದನ್ನ ನನ್ನ ಕಿವಿಗೆ ಇಟ್ಟು, ಏನರ ಕೇಳಸ್ತದೇನು ತಂಗಿ, ಸುಳ್ಳು ಹೇಳಬ್ಯಾಡ ಅಂದ್ರು."

"ನೀ ಏನಂದಿ?"

"ಕೇಳಸ್ತದ ಅಂದೆ. ಇನ್ನೇನನ್ನಲಿ." ಅತ್ತಿ ಉಸಿರು ತೆಗೆದುಕೊಳ್ಳಲು ನಿಂತಳು. "ಭಾಳ ಹೊತ್ತು ಕುಂತ್ರು. ನೀರು ಕೊಟ್ಟೆ. ಕುಡುದು ಹೋದ್ರು."

ನಾನು ಅವಳ ಹತ್ತಿರ ಸರಿದು ಕುಳಿತೆ. ಇನ್ನೊಂದು ಮಾತು ಕೇಳಿದೆ. ಅವಳು ಗಂಟಲು ತೋರಿಸಿ, ಸಾಕಾಯಿತು ಎಂಬಂತೆ ಕೈ ಆಡಿಸಿ, ಮೊರವನ್ನು ಮತ್ತೆ ಎತ್ತಿಕೊಂಡಳು. ಬಸ್ಸು ಹತ್ತಿಸಲು ಬಂದಾಗಲೂ ಕೇಳಿದೆ. ಹೋದ ವಾರ ಫೋನಿನಲ್ಲಿ ಇನ್ನೊಮ್ಮೆ ಕೇಳಿದೆ. ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು, ಆಮೇಲೆ ಫೋನು ಇಟ್ಟಳು. ಮೂರು ಸಲವೂ ನಾನು ಕೇಳಿದ್ದು ಇದನ್ನೇ:

"ಅತ್ತಿ, ಆ ಸದ್ದು ಮೊದಲನೇ ದಿನದಿಂದ ನನಗ ಕೇಳಸ್ತಿತ್ತು ಅಂತ ನೀ ಅವರಿಗೆ ಹೇಳಿದೇನು?"